ಉಂಡ ಮನೆಯ ಜಂತೆ

ನಮ್ಮ ಕಡೆ ಊಟದ ವಿಷಯದಲ್ಲಿ ಒಂದು ರೂಢಿಯಿದೆ. ಮನೆಗೆ ಬಂದವರನ್ನು "ಉಂಡ್ಯಾ?" ಎಂದು ಕೇಳಿದರೆ, ಹೊಟ್ಟೆ ಬೆನ್ನಿಗಂಟಿದ್ದರೂ ಬಂದವರು "ಉಂಡೆ" ಎನ್ನಬೇಕು. ಕೇಳಿದವರು ಆ ಮಾತನ್ನು ನಂಬಬಾರದು. ಎರಡನೆಯ ಸಲ ಕೇಳಬೇಕು, ಸ್ವಲ್ಪ ಗದರಬೇಕು, ಉತ್ತರಕ್ಕೆ ಕಾಯದೆ ತಟ್ಟೆ ಇಡಬೇಕು. ಮೊದಲ ಸಲಕ್ಕೇ "ಇಲ್ಲ" ಎಂದವನು ನಾಚಿಕೆಗೆಟ್ಟವನು. ಎರಡನೆಯ ಸಲ ಕೇಳದ ಮನೆ ಮನೆಯೇ ಅಲ್ಲ. ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನೋಡುತ್ತ ನೋಡುತ್ತ ಬರುತ್ತದೆ.

ನನ್ನ ಅಕ್ಕ ಮದುವೆಯಾಗಿ ಚಿನ್ನದ ಗಣಿಗೆ ಬಂದಾಗ ಈ ರೂಢಿಯನ್ನೂ ಜೊತೆಗೆ ತಂದಿದ್ದಳು. ಕೋರಮಂಡಲ್ ಕಡೆಯ ಲೈನೊಂದರಲ್ಲಿ, ಕೂಲಿಯವರ ತಟ್ಟಿಮನೆಗಳ ಸಾಲಿನ ಕೊನೆಗೆ, ತಗಡಿನ ಸೂರಿನ ಅವಳ ಮನೆ. ಭಾವ ನೆಲದಡಿಯ ಕೆಲಸದಲ್ಲಿ ಒಂದು ಗುಂಪಿಗೆ ಮೇಸ್ತ್ರಿ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಕೋಣೆ ಹಿಡಿದು, ಗಣಿಯ ಕಚೇರಿಯಲ್ಲಿ ದುಭಾಷಿಯಾಗಿದ್ದೆ. ಭಾನುವಾರ ಬೆಳಗ್ಗೆ ನಡೆದು ಅಕ್ಕನ ಮನೆಗೆ ಹೋಗುತ್ತಿದ್ದೆ. ಬಾಗಿಲಲ್ಲೇ ಶುರುವಾಗುತ್ತಿತ್ತು.

"ಉಂಡ್ಯೇನ್ಲಾ?"

"ಉಂಡೆ ಕಣಕ್ಕ."

"ಯಾರ ಮನೇಲಿ ಉಂಡೆ? ಮಖ ನೋಡಿದ್ರೆ ಬಾಡಿದ ಬದ್ನೇಕಾಯಿ ಅಂಗೈತೆ. ಸುಮ್ಕೆ ಕೂತ್ಕಳ್ಲಾ."

ಒಳಗಿನಿಂದ ಭಾವ ಸೇರಿಸುತ್ತಿದ್ದ: "ಬಾಮೈದ ಇಂಗ್ಲೀಷ್ನಾಗೆ ಉಂಡವ್ನೆ, ಕನ್ನಡದಾಗೆ ಇನ್ನೂ ಉಂಡಿಲ್ಲ. ಮುದ್ದೆ ಆಕು."

ಪ್ರತಿ ವಾರ ಇದೇ ಮಾತು, ಇದೇ ನಗು. ವಾರದ ಉಳಿದ ದಿನಗಳಲ್ಲಿ ಅಕ್ಕನ ಅಡುಗೆ ಹಿತ್ತಾಳೆಯ ಕ್ಯಾರಿಯರಿನಲ್ಲಿ ಕಚೇರಿಗೇ ಬರುತ್ತಿತ್ತು. ಲೈನಿನ ಒಬ್ಬ ತಮಿಳು ಮುದುಕಿ ನಾಲ್ಕಾರು ಮನೆಗಳ ಊಟವನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದಳು. ಸಂಜೆ ಕ್ಯಾರಿಯರನ್ನು ತೊಳೆದು ಹಿಂದಕ್ಕೆ ಕಳಿಸುವುದು ನನ್ನ ಪಾಲು. ಬರಿದಾಗಿ ಕಳಿಸಬಾರದೆಂದು ಪೇಟೆಯಿಂದ ತಂದ ಒಂದು ಹಿಡಿ ಕಡಲೆಯನ್ನೋ, ಒಂದು ತುಂಡು ಬೆಲ್ಲವನ್ನೋ ಒಳಗಿಡುತ್ತಿದ್ದೆ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಗಣಿಯಲ್ಲಿ ತಮಿಳರು, ತೆಲುಗರು, ಕನ್ನಡದವರು ಒಟ್ಟಿಗೇ ದುಡಿಯುತ್ತಿದ್ದರು. ತಮ್ಮ ತಮ್ಮಲ್ಲಿ ಮೂರು ಭಾಷೆಗಳನ್ನೂ ಕಲಸಿ ಹೇಗೋ ನಡೆಸುತ್ತಿದ್ದರು. ಆದರೆ ತಪ್ಪು, ಜಗಳ, ಸಾವು ಏನಾದರೂ ಸಾಹೇಬರ ಮುಂದೆ ಬಂದಾಗ ಎಲ್ಲವೂ ಇಂಗ್ಲಿಷಿಗೆ ಹೋಗಬೇಕಿತ್ತು. ಆ ದಾರಿ ನಾನಾಗಿದ್ದೆ. ನನಗೆ ಕೆಲಸ ಕಲಿಸಿದವರು, ಆಗಲೇ ನಿವೃತ್ತರಾಗಿದ್ದ ಹಿರಿಯ ದುಭಾಷಿ. ಬಿಳಿ ರುಮಾಲಿನ, ಮಿತಭಾಷಿ ಮನುಷ್ಯ. ಅವರು ಹೇಳಿಕೊಟ್ಟ ನಿಯಮಗಳು ಮೂರು. ಕೂಡಿಸಬೇಡ, ಕಳೆಯಬೇಡ. ಕೋಣೆಯೊಳಗೆ ಕೇಳಿದ್ದು ಕೋಣೆಯೊಳಗೇ ಇರಲಿ. ಯಾರ ವಿಷಯ ವಿಚಾರಣೆಗೆ ಬಂದಿದೆಯೋ, ಅದು ಮುಗಿಯುವವರೆಗೆ ಅವರ ಮನೆಯ ನೀರನ್ನೂ ಕುಡಿಯಬೇಡ.

"ನಾಲಿಗೆಗೆ ಎರಡು ವೇಲೆ ತಂಬಿ, ಎರಡು ಕೆಲಸ, ರುಚಿ ನೋಡೋದು, ಮಾತಾಡೋದು," ಎನ್ನುತ್ತಿದ್ದರು ಅವರು. "ಒಂದೇ ಮನೆ ವಿಷಯದಲ್ಲಿ ಎರಡನ್ನೂ ಮಾಡಿಸಬೇಡ."

ಮೊದಲ ಎರಡು ನಿಯಮಗಳು ಕಷ್ಟವೆಂದು ನನಗೆ ಆಗ ತೋರಿತ್ತು. ಮೂರನೆಯದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಆ ವರ್ಷ ಅವರೆಕಾಯಿ ಕಾಲಕ್ಕೆ ಮುಂಚೆ ಭಾವನ ಬಲತೋಳು ಹಿಡಿದುಕೊಂಡಿತ್ತು. ಭುಜದ ಮಟ್ಟಕ್ಕಿಂತ ಮೇಲೆ ಕೈ ಏಳುತ್ತಿರಲಿಲ್ಲ. ಅಕ್ಕ ಹರಳೆಲೆಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿಬಿಸಿಯಾಗಿ ತೋಳಿಗೆ ಕಟ್ಟುತ್ತಿದ್ದಳು. ಇದು ಮನೆಯ ಹೊರಗೆ ಯಾರಿಗೂ ತಿಳಿಯಬಾರದೆಂದು ಭಾವನ ಕಟ್ಟಪ್ಪಣೆ. ಕಾರಣವೂ ಇತ್ತು. ಬಂಡೆ ಸಿಡಿಸಿದ ಮೇಲೆ ಕೂಲಿಯವರು ಒಳಗೆ ಹೋಗುವ ಮುಂಚೆ ಮೇಸ್ತ್ರಿ ಮೊದಲು ಹೋಗಿ, ಉದ್ದದ ಹಾರೆಯಿಂದ ಮೇಲಿನ ಬಂಡೆಯನ್ನು ತಟ್ಟಿ ನೋಡಬೇಕು. ಗಟ್ಟಿ ಬಂಡೆಯ ಸದ್ದೇ ಬೇರೆ, ಸಡಿಲವಾದದ್ದರ ಸದ್ದೇ ಬೇರೆ. ಹಾರೆ ಎತ್ತಲಾಗದ ಮೇಸ್ತ್ರಿಯನ್ನು ಮೇಸ್ತ್ರಿಯಾಗಿ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ಲೈನಿನ ಮನೆಯೂ ಹೋಗುತ್ತದೆ.

ಹರಳೆಲೆ ಕಟ್ಟುವುದನ್ನು ನಾನು ಕಂಡಿದ್ದೆ. ಊಟಕ್ಕೆ ಕೂತಲ್ಲಿಂದ ಕಾಣುತ್ತಿತ್ತು.

ಹೀಗಿರುವಾಗ ಒಂದು ದಿನ ಭಾವನ ಗುಂಪಿನ ಮೇಲೆ ಬಂಡೆ ಕಳಚಿ ಬಿತ್ತು. ಚಿತ್ತೂರು ಸೀಮೆಯಿಂದ ಬಂದಿದ್ದ ಒಬ್ಬ ತೆಲುಗು ಕೂಲಿ ಅಲ್ಲೇ ತೀರಿಕೊಂಡ. ಭಾವ ಕೊಟ್ಟ ಹೇಳಿಕೆ ಹೀಗಿತ್ತು: ಬಂಡೆ ತಟ್ಟಿದ್ದೆ, ಇನ್ನೂ ಪೂರ್ತಿ ಆಗಿರಲಿಲ್ಲ, ನಾನು ಕರೆಯುವ ಮುಂಚೆಯೇ ಅವನು ಒಳಗೆ ನುಗ್ಗಿದ. ಈ ಮಾತು ನಿಂತರೆ ತಪ್ಪು ಸತ್ತವನದು. ಅವನ ಹೆಂಡತಿಗೆ ಪರಿಹಾರವಿಲ್ಲ. ನಿಲ್ಲದಿದ್ದರೆ ತಪ್ಪು ಮೇಸ್ತ್ರಿಯದು. ವಿಚಾರಣೆಗೆ ಮುಖ್ಯ ಸಾಕ್ಷಿಯೆಂದು ಕರೆದದ್ದು ಸತ್ತವನ ಪಕ್ಕದಲ್ಲೇ ಇದ್ದು ಉಳಿದುಕೊಂಡ ಇನ್ನೊಬ್ಬ ಕೂಲಿಯನ್ನು. ಅವನಿಗೆ ತೆಲುಗು ಬಿಟ್ಟು ಬೇರೆ ಬಾರದು.

ಆ ಭಾನುವಾರ ಅಕ್ಕನ ಮನೆಯಲ್ಲಿ ಯಾರೂ ನಗಲಿಲ್ಲ. ಊಟ ಮುಗಿದು ಕೈ ತೊಳೆದ ಮೇಲೆ ಭಾವ ಹೊರಗೆ ಹೋದ. ಬೇಕೆಂದೇ ಹೋದ ಎಂದು ಈಗ ಅನಿಸುತ್ತದೆ. ಅಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು:

"ಆ ಕೋಣೇಲಿ ಇಂಗ್ಲೀಷು ಬರೋನು ನೀನೊಬ್ನೇ ಅಲ್ವೇನ್ಲಾ?"

"ಸಾಹೇಬ್ರಿಗೂ ಬತ್ತದೆ ಅಕ್ಕ."

"ಅದ್ಕೇ ಕೇಳಿದ್ದು. ಸಾಹೇಬ್ರಿಗೆ ತೆಲುಗು ಬರಾಕಿಲ್ಲ. ಆ ಕೂಲಿಯೋನ್ಗೆ ಇಂಗ್ಲೀಷು ಬರಾಕಿಲ್ಲ. ನಡುವೆ ಒಂದು ಮಾತು ಅತ್ಲಾಗೋ ಇತ್ಲಾಗೋ ಆದ್ರೆ ಯಾರಿಗೆ ತಿಳೀತದೆ?"

ಅವಳು ಸುಲಿದ ಕಾಳನ್ನು ಮೊರಕ್ಕೆ ಹಾಕಿ ಮತ್ತೆ ಹೇಳಿದಳು: "ನಿನ್ನ ಎಗಲ ಮ್ಯಾಲೆ ಒತ್ಕೊಂಡು ಬೌರಿಂಗ್‌ಪೇಟೆಗೆ ರೈಲು ತೋರ್ಸಕ್ಕೆ ಕರ್ಕೊಂಡೋದೋನು ಅವ್ನೇ. ಓದ್ಲಿ ಅಂತ ಇಲ್ಲಿಗೆ ಕರ್ಕೊಂಡು ಬಂದೋನೂ ಅವ್ನೇ. ಏಳ್ಬೇಕಾ ನಾನು?"

ಹೇಳಬೇಕಾಗಿರಲಿಲ್ಲ. ಈಗಿನ ಬಂಗಾರಪೇಟೆಯನ್ನು ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಆ ದಿನದ ಇಂಜಿನ್ನಿನ ಹೊಗೆ, ಭಾವನ ರುಮಾಲನ್ನು ನಾನು ಹಿಡಿದುಕೊಂಡಿದ್ದ ರೀತಿ, ಎರಡೂ ಇಂದಿಗೂ ನೆನಪಿವೆ.

"ನೋಡನ ಅಕ್ಕ," ಎಂದು ಎದ್ದು ಬಂದೆ. ಆ ಮನೆಯಲ್ಲಿ ನಾನು ಮಾಡಿದ ಕೊನೆಯ ಊಟ ಅದು. ಆಗ ಗೊತ್ತಿರಲಿಲ್ಲ.

ಮರುದಿನ ಸಾಹೇಬರಿಗೆ ಇದ್ದದ್ದನ್ನು ಹೇಳಿದೆ: ಮೇಸ್ತ್ರಿ ನನ್ನ ಅಕ್ಕನ ಗಂಡ, ನನ್ನನ್ನು ಈ ವಿಚಾರಣೆಯಿಂದ ಬಿಡಿ. ಅವರು "ಬಿಡಬಹುದು. ಆಮೇಲೆ ಯಾರನ್ನು ಕರೆಯಲಿ?" ಎಂದರು. ತೆಲುಗೂ ಇಂಗ್ಲಿಷೂ ಬಲ್ಲವನು ಇನ್ನೊಬ್ಬನಿದ್ದ. ಅವನು ಕೂಲಿಯವರನ್ನು ಒದಗಿಸುವ ಗುತ್ತಿಗೆದಾರನ ಗುಮಾಸ್ತ. ಮೇಸ್ತ್ರಿಗಳ ಹೆಸರು ಕೆಡುವುದು ಆ ಗುತ್ತಿಗೆದಾರನಿಗೆ ಬೇಕಿರಲಿಲ್ಲ. ಗುಮಾಸ್ತ ಏನು ಮಾಡುತ್ತಿದ್ದನೋ ನಾನು ಹೇಳಲಾರೆ. ಏನು ಮಾಡಬಹುದೆಂದು ಸಾಹೇಬರಿಗೂ ನನಗೂ ತಿಳಿದಿತ್ತು.

ಹಿರಿಯ ದುಭಾಷಿಗಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಆ ಹೆಂಗಸು, ಸತ್ತೋನ ಹೆಂಡತಿ, ಅವಳ ಕಡೆಯವರು ಯಾರಾದ್ರೂ ಆ ಕೋಣೇಲಿ ಇರ್ತಾರಾ?"

"ಇಲ್ಲ."

"ಹಾಗಾದ್ರೆ ನೀನು ಇರು." ಎಲೆಗೆ ಸುಣ್ಣ ಸವರಿ ಮಡಿಚಿ ಬಾಯಿಗಿಟ್ಟುಕೊಂಡರು. "ಊಟ ಇವತ್ತಿಂದ ನಿಲ್ಲಿಸು. ನಿಂಗೆ ಹೋಟೆಲ್ ಇಡ್ಲಿ ಆಗಲ್ಲ, ಗೊತ್ತು. ಆಗಲಿ, ಹೊಟ್ಟೆ ಕೆಟ್ಟರೆ ಕೆಡಲಿ."

ಅಕ್ಕನಿಗೆ ಹೋಗಿ ಹೇಳೋಣವೆಂದರೆ ಆ ಮನೆಯ ಹೊಸ್ತಿಲು ತುಳಿದರೆ ಉಣ್ಣದೆ ಬರುವಂತಿಲ್ಲ. ಹೇಳದಿದ್ದರೆ ಊಟ ಬರುತ್ತದೆ. ಬಂದೇ ಬಂತು. ಮುದುಕಿ ಬುಟ್ಟಿ ಇಳಿಸಿ ಕ್ಯಾರಿಯರ್ ತೆಗೆದಾಗಲೇ ಕೋಣೆ ತುಂಬ ಘಮ. ಹಿತುಕಿದ ಬೇಳೆ ಸಾರು. ಅವರೆಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಿದ ಮೇಲೆ ಆಗುವ ಸಾರು ಅದು. ಭಾನುವಾರ ಮೊರದಲ್ಲಿದ್ದ ಕಾಳು ಅದೇ ಇರಬೇಕು. ಹಿತುಕುವಾಗ ಅವಳು ಏನು ಯೋಚಿಸುತ್ತಿದ್ದಳೋ.

"ಇದನ್ನ ಹಾಗೇ ತಗೊಂಡು ಹೋಗಮ್ಮ," ಎಂದೆ. "ವಿಚಾರಣೆ ಮುಗಿಯೋವರೆಗೂ ಊಟ ಬೇಡ, ಕಚೇರಿ ನಿಯಮ, ಆಮೇಲೆ ನಾನೇ ಬಂದು ಎಲ್ಲಾ ಹೇಳ್ತೀನಿ ಅಂತ ಅಕ್ಕಂಗೆ ಹೇಳು."

ಮುದುಕಿ ಕ್ಯಾರಿಯರನ್ನು ನೋಡಿದಳು, ನನ್ನನ್ನು ನೋಡಿದಳು. "ಮುಟ್ಟಲೂ ಇಲ್ಲವಾ ಸಾಮಿ? ತುಂಬಿದ ಪಾತ್ರೆ ತಿರುಗಿ ಹೋಗಬಾರದು ಸಾಮಿ, ನಮ್ಮಲ್ಲಿ ಸಾವಿನ ಮನೆಗೆ ಮಾತ್ರ ಹಾಗೆ ತಿರುಗಿ ಹೋಗೋದು. ಒಂದು ತುತ್ತು ತಿನ್ನಿ, ನಾನು ಯಾರಿಗೂ ಸೊಲ್ಲಮಾಟೇನ್, ಹೇಳೋದಿಲ್ಲ."

"ಬೇಡ."

ಅವಳು ಬುಟ್ಟಿ ತಲೆಗೇರಿಸಿಕೊಂಡು ಹೋದಳು. ನನ್ನ ಮಾತಿನಲ್ಲಿ ಎಷ್ಟನ್ನು ಅಕ್ಕನಿಗೆ ಮುಟ್ಟಿಸಿದಳೋ ನನಗೆ ಗೊತ್ತಿಲ್ಲ. ಕ್ಯಾರಿಯರ್ ಮಾತ್ರ ತುಂಬಿದ್ದು ತುಂಬಿದಂತೆಯೇ ಮುಟ್ಟಿತು. ಮರುದಿನ ಬುಟ್ಟಿಯಲ್ಲಿ ನನ್ನ ಪಾಲಿನದು ಇರಲಿಲ್ಲ. ಮುದುಕಿ ನನ್ನ ಬಾಗಿಲು ದಾಟಿಕೊಂಡು ಹೋದಳು.

ವಿಚಾರಣೆಯ ದಿನ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಭಾವ ಹೊರಗೆ ವರಾಂಡದಲ್ಲಿ ಬೆಂಚಿನ ಮೇಲಿದ್ದ. ಸತ್ತವನ ಹೆಂಡತಿ ಅದೇ ವರಾಂಡದ ಇನ್ನೊಂದು ತುದಿಯಲ್ಲಿ ನೆಲದ ಮೇಲೆ, ಮಡಿಲಲ್ಲಿ ಮಲಗಿದ ಮಗುವಿನ ಮೇಲೆ ಸೆರಗು ಹೊದಿಸಿ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ನಾನು ಇಬ್ಬರ ನಡುವೆ ನಡೆದು ಒಳಗೆ ಹೋದೆ.

ತೆಲುಗು ಕೂಲಿ ಕೈಮುಗಿದುಕೊಂಡೇ ನಿಂತಿದ್ದ. ಮೇಸ್ತ್ರಿ ಬಂಡೆ ತಟ್ಟಿದ್ದನ್ನು ಕಂಡೆಯಾ ಎಂದು ಸಾಹೇಬರು ಕೇಳಿದರು. ನಾನು ತೆಲುಗಿನಲ್ಲಿ ಕೇಳಿದೆ. ಅವನು ವರಾಂಡದ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ, "ಗಡ್ಡಪಾರ ಸಪ್ಪುಡು ವಿನಲೇದು ಸಾಮಿ," ಎಂದ. ಹಾರೆಯ ಸದ್ದು ಕೇಳಲಿಲ್ಲ. ಕರೆಯದೆ ಒಳಗೆ ನುಗ್ಗಿದಿರಾ? ಇಲ್ಲ, ಮೇಸ್ತ್ರಿಯೇ ಕೂಗಿ ಕರೆದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ಯಾರೂ ಕೇಳದಿದ್ದರೂ ಹೇಳಿದ: ಮೇಸ್ತ್ರಿಯ ಬಲತೋಳು ಬಿದ್ದುಹೋಗಿದೆ, ಎಷ್ಟೋ ದಿನದಿಂದ ಅವರು ಹಾರೆ ಎತ್ತಿಲ್ಲ, ಗುಂಪಿಗೆಲ್ಲ ಗೊತ್ತು, ಒಳ್ಳೆಯ ಮನುಷ್ಯ, ಯಾವತ್ತೂ ಕೈಮಾಡಿದವನಲ್ಲ, ಅದಕ್ಕೇ ನಾವು ಯಾರೂ ಬಾಯಿ ಬಿಡಲಿಲ್ಲ. ಹೇಳುತ್ತಾ ಅಳತೊಡಗಿದ. "ಬಾಯಿ ಬಿಟ್ಟಿದ್ದರೆ ನನ್ನ ಜೊತೆಯವನು ಇರುತ್ತಿದ್ದ," ಎಂದ.

ಮಾತು ನನ್ನ ಹತ್ತಿರ ಬಂದು ನಿಂತಿತು. ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ತೋಳಿನ ಮಾತನ್ನು ಬಿಟ್ಟುಬಿಡಬಹುದಿತ್ತು, ಯಾರೂ ಅದನ್ನು ಕೇಳಿರಲಿಲ್ಲ. ಅಕ್ಕ ಹೇಳಿದ್ದು ಸರಿ, ಯಾರಿಗೂ ತಿಳಿಯುತ್ತಿರಲಿಲ್ಲ.

ಅವನು ಹೇಳಿದಷ್ಟನ್ನೂ, ಅವನು ಹೇಳಿದ ಕ್ರಮದಲ್ಲೇ ಇಂಗ್ಲಿಷಿನಲ್ಲಿ ಹೇಳಿದೆ. ಒಳ್ಳೆಯ ಮನುಷ್ಯ ಎಂಬುದನ್ನೂ ಹೇಳಿದೆ. ಹರಳೆಲೆಯ ವಿಷಯ ಹೇಳಲಿಲ್ಲ. ಅದು ನಾನು ಉಣ್ಣುವಾಗ ಕಂಡದ್ದು, ಸಾಕ್ಷಿ ಹೇಳಿದ್ದಲ್ಲ.

ಗಣಿಯ ವೈದ್ಯರು ಭಾವನನ್ನು ಒಳಗೆ ಕರೆದು ಕೈ ಎತ್ತಲು ಹೇಳಿದರು. ಎಡಗೈ ಎತ್ತಿದ. ಬಲಗೈ ಎಂದರು. ಭಾವ ಸಾಹೇಬರನ್ನೂ ನೋಡಲಿಲ್ಲ, ವೈದ್ಯರನ್ನೂ ನೋಡಲಿಲ್ಲ. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತನ್ನ ತೋಳಿನ ಸುದ್ದಿ ಈ ಕೋಣೆಗೆ ಹೇಗೆ ಬಂತೆಂದು ಅವನು ಮನಸ್ಸಿನಲ್ಲೇ ಹುಡುಕುತ್ತಿದ್ದಂತಿತ್ತು. ಗುಂಪಿಗೆ ತಿಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮನೆಯೊಳಗೆ ಕಂಡವನು ನಾನೊಬ್ಬನೇ. ಹುಡುಕಾಟ ನನ್ನಲ್ಲಿಗೆ ಬಂದು ನಿಂತದ್ದು ನನಗೆ ಕಾಣಿಸಿತು.

ಆ ಹೆಂಗಸಿಗೆ ಸಲ್ಲಬೇಕಾದದ್ದು ಸಂದಿತು. ಮಗುವನ್ನು ಎತ್ತಿಕೊಂಡು ತನ್ನ ಸೀಮೆಗೆ ಹೋದಳು. ಭಾವನ ಕೆಲಸ ಹೋಯಿತು. ಅಕ್ಕ ಬಾವಿಕಟ್ಟೆಯ ಹತ್ತಿರ ಎಲ್ಲರೆದುರಿಗೆ ಆಡಿದ ಮಾತು ಸಂಜೆಯೊಳಗೆ ನನ್ನ ಕಿವಿಗೂ ಬಿತ್ತು. ತಂದವಳು ಅದೇ ಮುದುಕಿ. ಈ ಸಲ ಅವಳು ಒಂದಕ್ಷರವನ್ನೂ ಬಿಟ್ಟಿರಲಾರಳು.

"ಉಂಡ್ಮನೆ ಜಂತೆ ಎಣಿಸ್ದ ನನ್ ತಮ್ಮ. ಎಣಿಸಿ ಮುಗಿದ ಮ್ಯಾಲೆ ಊಟನೂ ಬ್ಯಾಡ ಅಂತ ಕ್ಯಾರಿಯರ್ ವಾಪಸ್ ಕಳಿಸ್ದ."

ಕ್ಯಾರಿಯರ್ ಮೊದಲು ವಾಪಸಾಗಿತ್ತು, ತೀರ್ಪು ಬಂದದ್ದು ಆಮೇಲೆ. ಆದರೆ ಅವಳು ಸೇರಿಸಿ ನೋಡಿದಾಗ ಎರಡೂ ಒಂದೇ ಆಗಿದ್ದವು. ಮೊದಲೇ ತೀರ್ಮಾನಿಸಿದ್ದಾನೆ, ಅದಕ್ಕೇ ಅನ್ನ ಮುಟ್ಟಲಿಲ್ಲ ಎಂಬುದು ಅವಳ ಲೆಕ್ಕ.

ಹೋಗಿ ಹೇಳಬಹುದಿತ್ತಲ್ಲ, ಹೇಳಿದ್ದು ನಾನಲ್ಲ, ಸಾಕ್ಷಿ ಎಂದು? ಆ ಸಾಕ್ಷಿ ಅದೇ ಲೈನಿನಲ್ಲಿ, ಅಕ್ಕನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ. ಭಾವನನ್ನು ಕಂಡರೆ ಪ್ರಾಣ ಬಿಡುವ ಗಟ್ಟಿಗರು ಆ ಗುಂಪಿನಲ್ಲಿ ಕೆಲವರಿದ್ದರು. ತೋಳಿನ ಮಾತು ಯಾರ ಬಾಯಿಂದ ಬಂತೆಂದು ತಿಳಿದ ದಿನವೇ ಅವನಿಗೆ ಅಲ್ಲಿ ಉಳಿಗಾಲವಿರಲಿಲ್ಲ. ತಪ್ಪು ನನ್ನ ತಲೆಯ ಮೇಲಿದ್ದಷ್ಟು ದಿನ ಅವನು ನೆಮ್ಮದಿಯಿಂದ ಷಿಫ್ಟಿಗೆ ಹೋಗಿ ಬರಬಹುದು. ಕೋಣೆಯೊಳಗೆ ಕೇಳಿದ್ದು ಕೋಣೆಯೊಳಗೇ ಇತ್ತು.

ಅವರು ಲೈನು ಬಿಟ್ಟ ಬೆಳಗ್ಗೆ ನಾನು ದಾರಿಯ ತಿರುವಿನಲ್ಲಿ ನಿಂತಿದ್ದೆ. ಗಾಡಿಯಲ್ಲಿ ಒರಳು, ಮೊರ, ಸುತ್ತಿದ ಚಾಪೆ, ಕ್ಯಾರಿಯರ್. ಅಕ್ಕ ಮುಂದೆ ನೋಡುತ್ತಾ ಕೂತಿದ್ದಳು. ಭಾವ ಗಾಡಿಯ ಹಿಂದೆ ನಡೆಯುತ್ತಿದ್ದ. ನನ್ನ ಹತ್ತಿರ ಬಂದಾಗ ಹೆಜ್ಜೆ ನಿಧಾನ ಮಾಡಿ, "ಬತ್ತೀನಿ ಬಾಮೈದ," ಎಂದ. ಅಷ್ಟೇ. ಗಾಡಿ ಕಾಮಸಮುದ್ರದ ದಾರಿ ಹಿಡಿಯಿತು.

ಕೆಲವು ಕಾಲದ ನಂತರ ನಾನೂ ಗಣಿ ಬಿಟ್ಟು ಬೆಂಗಳೂರಿನಲ್ಲಿ ಒಂದು ಪತ್ರಿಕೆ ಸೇರಿದೆ. ಕಂಡದ್ದು ಬೇರೆ ಬರೆ, ಕೇಳಿದ್ದು ಬೇರೆ ಬರೆ, ನಿನ್ನದನ್ನು ಸೇರಿಸಬೇಡ ಎಂದು ಅಲ್ಲಿನ ಹಿರಿಯರು ಹೇಳಿದಾಗ ಹೊಸದೇನೂ ಅನಿಸಲಿಲ್ಲ. ಕೆಲಸ ಸಲೀಸಾಗಿ ಬಂತು. ಸಲೀಸಾಗಿ ಬಾರದೆ ಹೋದದ್ದು ಊಟ. ಮೆಸ್ಸಿನಲ್ಲಿ ಬಡಿಸುವವನು "ಸಾಕಾ?" ಎಂದು ಕೇಳಿ, "ಸಾಕು" ಎಂದರೆ ಮುಂದಿನ ಎಲೆಗೆ ಹೋಗುತ್ತಿದ್ದ. ಹೇಳಿದ್ದನ್ನು ಹೇಳಿದಂತೆಯೇ ನಂಬುವ ಜನ. ಅವರೆಕಾಯಿ ಕಾಲ ಬಂದು, ಮಾರುಕಟ್ಟೆಯ ಬೀದಿಯಲ್ಲಿ ಆ ಸೊಗಡು ಹರಡಿದಾಗ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಕೆಲವು ಸಲ ಅದೇ ಬೀದಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದೆ. ಊರಿಗೆ ಹೋಗಿ ಬಂದವರ ಬಾಯಿಂದ ಸುದ್ದಿ ತಿಳಿಯುತ್ತಿತ್ತು: ಎಮ್ಮೆ ಕಟ್ಟಿದ್ದಾರೆ, ರಾಗಿ ಬಿತ್ತಿದ್ದಾರೆ, ಭಾವ ಎಡಗೈಯಲ್ಲೇ ಎಲ್ಲ ಮಾಡುತ್ತಾನೆ. ಅಕ್ಕ ನನ್ನ ವಿಷಯ ಕೇಳಿದಳಾ ಎಂದು ನಾನು ಕೇಳುತ್ತಿರಲಿಲ್ಲ. ಕೇಳಿದ್ದರೆ ಅವರೇ ಹೇಳುತ್ತಿದ್ದರು.

ಒಮ್ಮೆ ಯಾವುದೋ ವರದಿಗಾಗಿ ಗಣಿಯ ಕಡೆಗೆ ಹೊರಟೆ. ಬೌರಿಂಗ್‌ಪೇಟೆಯಲ್ಲಿ ಇಳಿದು ಗಣಿಯ ಕವಲು ರೈಲಿಗೆ ಕಾಯಬೇಕಿತ್ತು. ಬೆಳಗ್ಗೆ ಏನೂ ತಿನ್ನದೆ ಹೊರಟಿದ್ದೆ. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ, ಗಂಟುಗಳ ನಡುವೆ, ಅಕ್ಕ ಕೂತಿದ್ದಳು. ತಲೆ ಮುಕ್ಕಾಲು ನರೆತಿತ್ತು. ಯಾರದೋ ಮದುವೆಗೆ ಹೊರಟವರ ಸಡಗರ ಅವಳ ಸೀರೆಯಲ್ಲಿತ್ತು. ಭಾವ ದೂರದಲ್ಲಿ ನಲ್ಲಿಯ ಹತ್ತಿರ ಚೊಂಬು ಹಿಡಿದು ನಿಂತಿದ್ದ.

ನಾನು ಹತ್ತಿರ ಹೋಗಿ ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಆ ಸಾಕ್ಷಿ ಆಗ ಇನ್ನೂ ಗಣಿಯಲ್ಲೇ, ಅದೇ ಲೈನಿನಲ್ಲೇ ಇದ್ದ, ನಡೆದದ್ದನ್ನು ಹೇಳುವಂತಿರಲಿಲ್ಲ. ಅವನು ಊರಿಗೆ ಮರಳಿ, ಮುದಿಯಾಗಿ ತೀರಿಕೊಂಡ ಸುದ್ದಿ ನನಗೆ ಬಂದದ್ದು ಇತ್ತೀಚೆಗೆ. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ಈಗ ಅಕ್ಕನೂ ಇಲ್ಲ, ಭಾವನೂ ಇಲ್ಲ.

ಅವಳು ನನ್ನ ಕಾಲಿನಿಂದ ತಲೆಯವರೆಗೆ ನೋಡಿದಳು. ಕೈ ಮಾತ್ರ ಪಕ್ಕದ ಗಂಟಿನ ಮೇಲೆ ಹೋಯಿತು. ಬಟ್ಟೆಯೊಳಗೆ ಪಾತ್ರೆಯ ದುಂಡು ಅಂಚು ಕಾಣುತ್ತಿತ್ತು. ಅವರೆಕಾಳಿನ ವಾಸನೆ ಬಂದಂತಾಯಿತು. ನನ್ನ ಭ್ರಮೆಯೂ ಇರಬಹುದು.

"ಉಂಡ್ಯೇನ್ಲಾ?" ಎಂದಳು. ಅದೇ ದನಿ.

"ಉಂಡೆ ಕಣಕ್ಕ."

ಹೇಳಿ ಕಾಯುತ್ತಾ ನಿಂತೆ. ಗಂಟಿನ ಒಂದು ಎಳೆ ಆಗಲೇ ಸಡಿಲವಾಗಿತ್ತು. ಅವಳ ಬೆರಳುಗಳು ಅಲ್ಲೇ ನಿಂತವು. ನನ್ನ ಮುಖವನ್ನೇ ನೋಡುತ್ತಿದ್ದಳು. ಬಯ್ಯುತ್ತಾಳೆ, ಬಾಡಿದ ಬದನೇಕಾಯಿ ಎನ್ನುತ್ತಾಳೆ ಎಂದು ಕಾದೆ. ಆಚೆ ಕಡೆಯಿಂದ ಅವರ ರೈಲಿನ ಕೂಗು ಕೇಳಿಸಿತು. ಭಾವ ಎಡಗೈಯಲ್ಲಿ ಚೊಂಬು ಹಿಡಿದು ಬೇಗ ಬೇಗ ಬರುತ್ತಿದ್ದ.

"ಆಗ್ಲಿ ಬಿಡು," ಎಂದಳು. ಸಡಿಲವಾದ ಎಳೆಯನ್ನು ಮತ್ತೆ ಬಿಗಿದಳು.

ಗಂಟುಗಳನ್ನು ಹತ್ತಿಸಲು ನಾನು ಕೈ ಕೊಟ್ಟೆ. ಭಾವ ಮೇಲೆ ಹತ್ತಿ, ಕಿಟಕಿಯಿಂದ ತಲೆಯಾಡಿಸಿದ. ಊಟದ ಗಂಟನ್ನು ಅಕ್ಕ ನನ್ನ ಕೈಗೆ ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಿದ್ದಳು. ರೈಲು ಜೋಲಾರಪೇಟೆಯ ಕಡೆಗೆ ಹೊರಟುಹೋಯಿತು.

ಬೇವಿನ ಮರದ ಕೆಳಗೆ ಅವಳು ಕೂತಿದ್ದ ಜಾಗದಲ್ಲಿ ನಾನು ಕೂತೆ. ಕವಲು ರೈಲು ಇನ್ನೂ ಬಂದಿರಲಿಲ್ಲ. ವಡೆ ಮಾರುವವನೊಬ್ಬ ತಟ್ಟೆ ಹಿಡಿದು ಎದುರಿಗೆ ಬಂದು ನಿಂತು, ವಡೆ ಬೇಕಾ ಸಾಮಿ ಎಂದ. ಬೇಡ ಎಂದೆ. ಅವನು ನನ್ನ ಮುಖ ನೋಡಿ, ಇನ್ನೊಂದು ಸಲ ಕೇಳಿದ.